ಯಾವ ಕೆಲಸ ನಮ್ಮಿಂದ ಏನು ಕೇಳುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕೆಲಸ ಅಂದ ಕೂಡಲೇ ಎಲ್ಲರೂ ವಿಚಾರಿಸುವುದು ಎರಡೇ: ಸಂಬಳ ಎಷ್ಟು, ಏನು ಓದಿರಬೇಕು. ಆ ಕೆಲಸ ಸಂಜೆ ಹೊತ್ತಿಗೆ ನಮ್ಮನ್ನು ಯಾವ ಸ್ಥಿತಿಯಲ್ಲಿ ಮನೆಗೆ ಕಳಿಸುತ್ತದೆ ಅಂತ ಕೇಳುವವರು ಕಡಿಮೆ. ಕೆಳಗಿರುವುದು ಈ ಕೊನೆಯ ಬಗೆಯ ಪ್ರಶ್ನೆಗಳು. ಎಲ್ಲವನ್ನೂ ಓದಬೇಕೆಂದಿಲ್ಲ, ನಿಮಗೆ ಬೇಕಾದದ್ದನ್ನು ಹುಡುಕಿಕೊಳ್ಳಿ.

ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು?

ಒಂದೇ ಹೆಸರು ಹೇಳೋಕೆ ಆಗಲ್ಲ. ಒಂದು ಕೆಲಸ ಮೈಯನ್ನು ಕೇಳುತ್ತದೆ, ಇನ್ನೊಂದು ಗಮನವನ್ನು ಕೇಳುತ್ತದೆ, ಮತ್ತೊಂದು ತಾಳ್ಮೆಯನ್ನು. ಕೆಲವು ನಮ್ಮ ನಿದ್ದೆಯ ಹೊತ್ತನ್ನೇ ಕೇಳುತ್ತವೆ. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗೋದು ಹೇಗೆ?

ಆದರೂ ಎಲ್ಲವನ್ನೂ ಒಟ್ಟಿಗೇ ಕೇಳುವ ಕೆಲಸ ಒಂದನ್ನು ಹೇಳಿ ಅಂದರೆ ನಾನು ವಾರ್ಡಿನ ನರ್ಸ್ ಕೆಲಸ ಅನ್ನುತ್ತೇನೆ. ಬೆಳಗಿನ ಜಾವ ಮೂರು ಗಂಟೆ ಅಂದುಕೊಳ್ಳಿ. ಮಲಗಿದ್ದಲ್ಲೇ ಇರುವ ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಒಂದು ಕೈಯಲ್ಲಿ ಹಾಗೇ ತಡೆದು ಹಿಡಿದು, ಇನ್ನೊಂದು ಕೈಯಲ್ಲಿ ಅಡಿಯ ಬೆಡ್‌ಶೀಟ್ ಎಳೆಯಬೇಕು. ಅದು ಮುಗಿಯುವ ಮುಂಚೆ ಪಕ್ಕದ ಮಂಚದ ಡ್ರಿಪ್ ಯಂತ್ರ ಕೂಗುತ್ತದೆ. ಕೈ ತೊಳೆದು ಹೋಗಿ ಗಂಟೆಗೆ ಎಷ್ಟು ಮಿಲಿಲೀಟರ್ ಅಂತ ಲೆಕ್ಕ ಹಾಕಬೇಕು. ಆ ಲೆಕ್ಕದಲ್ಲಿ ಒಂದು ಸೊನ್ನೆ ಹೆಚ್ಚಾಗುವಂತಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ನಿಂತವರೊಬ್ಬರು "ಅಪ್ಪ ಹುಷಾರಾಗ್ತಾರಾ ಸಿಸ್ಟರ್?" ಅಂತ ಕೇಳುತ್ತಾರೆ. ಸುಳ್ಳು ಹೇಳದೆ, ಎದೆಯನ್ನೂ ಒಡೆಯದೆ ಉತ್ತರ ಕೊಡಬೇಕು. ಇಷ್ಟೂ ಹತ್ತು ನಿಮಿಷದ ಒಳಗಿನ ಕೆಲಸ.

ಕೆಲಸಗಳಿಗೆ ಅಧಿಕೃತ ಪಟ್ಟಿ ಅಂತ ಇದೆಯಾ?

ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವರ್ಗೀಕರಣ ಇದೆ. 2008ರ ಆವೃತ್ತಿಯಲ್ಲಿ ಜಗತ್ತಿನ ಉದ್ಯೋಗಗಳನ್ನು 10 ದೊಡ್ಡ ಗುಂಪಾಗಿ, ಅವನ್ನು ಒಡೆಯುತ್ತಾ ಹೋಗಿ 436 ಸಣ್ಣ ಗುಂಪಾಗಿ ಹಂಚಿದ್ದಾರೆ. ಕೌಶಲಕ್ಕೆ 4 ಮಟ್ಟ ಇಟ್ಟಿದ್ದಾರೆ. ಅಂಕಿಅಂಶ ಕಲೆಹಾಕುವವರಿಗೆ ತುಂಬ ಉಪಯೋಗ. ಆದರೆ ಕೆಲಸ ಎಷ್ಟು ಸುಸ್ತು ಮಾಡುತ್ತದೆ ಅನ್ನುವುದಕ್ಕೆ ಅದರಲ್ಲಿ ಕಾಲಂ ಇಲ್ಲ. ಅಮೆರಿಕದ ಕಾರ್ಮಿಕ ಇಲಾಖೆ ನಡೆಸುವ ಓ-ನೆಟ್ ಅನ್ನುವ ಮಾಹಿತಿಕೋಶ ಈ ವಿಷಯದಲ್ಲಿ ಪರವಾಗಿಲ್ಲ. ಎಷ್ಟು ಹೊತ್ತು ನಿಲ್ಲಬೇಕು, ಸಿಟ್ಟಾದ ಜನರನ್ನು ಎಷ್ಟು ಸಲ ಎದುರಿಸಬೇಕು, ತಪ್ಪಾದರೆ ಪರಿಣಾಮ ಎಷ್ಟು ದೊಡ್ಡದು ಅಂತೆಲ್ಲ ಒಂದೊಂದು ಉದ್ಯೋಗಕ್ಕೂ ಬರೆದಿಟ್ಟಿದ್ದಾರೆ.

ಮೈಮುರಿದು ಮಾಡುವ ಕೆಲಸಕ್ಕೆ ಶಕ್ತಿ ಇದ್ದರೆ ಸಾಕು ತಾನೇ?

ಇದು ಆ ಕೆಲಸವನ್ನು ಯಾವತ್ತೂ ಮಾಡದವರು ಹೇಳುವ ಮಾತು. ಭಾರ ಎತ್ತೋದನ್ನೇ ನೋಡಿ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆಯೊಂದರ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ಮಿತಿ 23 ಕಿಲೋ. ಎಲ್ಲವೂ ಅನುಕೂಲ ಅಂದರೆ ಹಿಡಿತ ಚೆನ್ನಾಗಿರಬೇಕು, ಸೊಂಟ ತಿರುಚಬಾರದು, ಭಾರ ಮೈಗೆ ಹತ್ತಿರ ಇರಬೇಕು. ಅದೇ ಭಾರವನ್ನು ಪಾದದ ಕೀಲಿನಿಂದ 50 ಸೆಂಟಿಮೀಟರ್ ಮುಂದಕ್ಕೆ ಹಿಡಿದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ. ಅನುಭವಿ ಹಮಾಲರಿಗೆ ಈ ಸೂತ್ರ ಗೊತ್ತಿರಲಿಕ್ಕಿಲ್ಲ. ಆದರೆ ಅವರು ಮೂಟೆಯನ್ನು ಮೊದಲು ಮೈಗೆ ತಾಗಿಸಿಕೊಂಡೇ ಏಳುತ್ತಾರೆ. ಹೊಸಬರು ಕೈ ಚಾಚಿ ಎತ್ತೋಕೆ ಹೋಗಿ ಬೆನ್ನು ಹಿಡಿಸಿಕೊಳ್ಳುತ್ತಾರೆ.

ವೆಲ್ಡಿಂಗ್ ಇನ್ನೂ ಸೂಕ್ಷ್ಮ. ಮುಖಕ್ಕೆ ಕಪ್ಪು ಗಾಜಿನ ಶೀಲ್ಡ್ ಇಳಿಸಿದ ಮೇಲೆ ಕಿಡಿ ಹೊತ್ತುವ ತನಕ ಏನೂ ಕಾಣಲ್ಲ, ಹೊತ್ತಿದ ಮೇಲೂ ಆ ಬೆಳಕಿನ ಸುತ್ತ ಒಂದಿಷ್ಟು ಜಾಗ ಮಾತ್ರ ಕಾಣುತ್ತದೆ. ರಾಡಿನ ತುದಿಗೂ ಲೋಹಕ್ಕೂ ನಡುವೆ ಕೆಲವೇ ಮಿಲಿಮೀಟರ್ ಅಂತರ. ಜಾಸ್ತಿಯಾದರೆ ಕಿಡಿ ಎರಚಾಡುತ್ತದೆ, ಕಮ್ಮಿಯಾದರೆ ರಾಡ್ ಅಂಟಿಕೊಳ್ಳುತ್ತದೆ. ರಾಡ್ ಕರಗಿ ಗಿಡ್ಡವಾಗುತ್ತಾ ಹೋಗುವುದರಿಂದ ಕೈ ಮುಂದಕ್ಕೆ ಸರಿಯುತ್ತಲೇ ಕೆಳಕ್ಕೂ ಇಳಿಯಬೇಕು, ಅದೂ ಒಂದೇ ವೇಗದಲ್ಲಿ. ಕೈ ಪಳಗಿದವರು ಅರ್ಧ ಕೆಲಸವನ್ನು ಕಿವಿಯಲ್ಲೇ ಮಾಡುತ್ತಾರೆ. ಚರಚರ ಸದ್ದು ಒಂದೇ ಸಮ ಬರುತ್ತಿದ್ದರೆ ಸರಿ ಇದೆ ಅಂತ ಅರ್ಥ. ಇದನ್ನು ಬರೀ ತೋಳ್ಬಲ ಅನ್ನೋಕೆ ಬರುತ್ತಾ?

ಇನ್ನು ಇಂಥ ಕೆಲಸ ಸದ್ದಿಲ್ಲದೆ ಕಿತ್ತುಕೊಳ್ಳುವ ವಸ್ತುಗಳೂ ಇವೆ. ಕಲ್ಲು ಕೊರೆಯುವವರ ಶ್ವಾಸಕೋಶಕ್ಕೆ ನುಣ್ಣನೆಯ ಸಿಲಿಕಾ ದೂಳು ಇಳಿದರೆ ಅದನ್ನು ಹೊರಗೆ ತೆಗೆಯುವ ದಾರಿ ಇಲ್ಲ. ಕಂಪಿಸುವ ಯಂತ್ರ ವರ್ಷಗಟ್ಟಲೆ ಹಿಡಿದವರ ಬೆರಳು ಚಳಿಗೆ ಬೆಳ್ಳಗಾಗಿ ಮರಗಟ್ಟುತ್ತವೆ. ಕಿವಿಯ ಲೆಕ್ಕ ಹೀಗೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಹೆಚ್ಚಾಗಿ ಪಾಲಿಸುವ ಮಿತಿ. ಅದಕ್ಕೆ 3 ಡೆಸಿಬೆಲ್ ಕೂಡಿದರೆ ಹೊತ್ತು 4 ಗಂಟೆಗೆ ಇಳಿಯುತ್ತದೆ, ಇನ್ನೂ 3 ಕೂಡಿದರೆ 2 ಗಂಟೆಗೆ. "ನನಗೆ ಸದ್ದು ಅಭ್ಯಾಸ ಆಗಿಬಿಟ್ಟಿದೆ" ಅಂತ ಹೇಳುವವರ ಕಿವಿ ಎಷ್ಟೋ ಸಲ ಆಗಲೇ ಹೋಗಿರುತ್ತದೆ.

ದಿನವಿಡೀ ಕೂತು ಮಾಡುವ ಕೆಲಸದಲ್ಲಿ ಮೈಗೇನು ತ್ರಾಸ?

ತ್ರಾಸ ಕಾಣಿಸೋದು ನಿಧಾನ, ಅಷ್ಟೇ. 1953ರಲ್ಲಿ ಜೆರಿ ಮಾರಿಸ್ ಅನ್ನುವ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದರು. ಅದೇ ಬಸ್ಸು, ಅದೇ ರಸ್ತೆ. ಒಬ್ಬರು ದಿನವಿಡೀ ಕೂತಿರುತ್ತಾರೆ, ಇನ್ನೊಬ್ಬರು ಮೆಟ್ಟಿಲು ಹತ್ತಿ ಇಳಿಯುತ್ತಲೇ ಇರುತ್ತಾರೆ. ಹೃದಯದ ಕಾಯಿಲೆ ಕೂತವರಲ್ಲೇ ಜಾಸ್ತಿ ಕಂಡಿತು. ಕೂತು ಮಾಡುವ ಕೆಲಸ ಸುಖ ಅನ್ನುವ ನಂಬಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು ಇದು.

ನಿಂತೇ ಮಾಡುವ ಕೆಲಸ ಹಾಗಾದರೆ ಒಳ್ಳೆಯದಾ?

ಓಡಾಡುವ ಕೆಲಸ ಒಳ್ಳೆಯದು. ಒಂದೇ ಕಡೆ ಕಂಬದಂತೆ ನಿಲ್ಲೋದು ಒಳ್ಳೆಯದಲ್ಲ, ಕಾಲಿನ ನರ ಉಬ್ಬುತ್ತವೆ.

ಸುಮ್ನೆ ಪರದೆ ನೋಡ್ತಾ ಕೂರುವ ಕೆಲಸ ಆರಾಮ ಅಲ್ವಾ?

ಆರಾಮ ಅಂತ ಸೇರಿದವರು ವಾರದೊಳಗೆ ಮಾತು ಬದಲಿಸುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ನೋಡುವವರು ಕಣ್ಣೆದುರಿನ ಗುರುತನ್ನೇ ತಪ್ಪಿಸುತ್ತಿದ್ದರು. ಯಾಕೆ ಅಂತ ತಿಳಿಯಲು ನಾರ್ಮನ್ ಮ್ಯಾಕ್‌ವರ್ತ್ ಅನ್ನುವ ಮನೋವಿಜ್ಞಾನಿ ಒಂದು ಪರೀಕ್ಷೆ ಮಾಡಿದರು. ಅಂಕಿ ಇಲ್ಲದ ಗಡಿಯಾರ, ಒಂದೇ ಮುಳ್ಳು. ಅದು ಒಂದೊಂದೇ ಹೆಜ್ಜೆ ಚಲಿಸುತ್ತದೆ. ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಒಟ್ಟಿಗೆ ಜಿಗಿಯುತ್ತದೆ. ಆಗ ಗುಂಡಿ ಒತ್ತಬೇಕು. ಎರಡು ಗಂಟೆ ಹೀಗೇ. 1948ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ, ಮೊದಲ ಅರ್ಧ ಗಂಟೆ ಕಳೆಯುತ್ತಿದ್ದಂತೆ ಜನ ಜಿಗಿತಗಳನ್ನು ತಪ್ಪಿಸೋದು ಎದ್ದು ಕಾಣುವಷ್ಟು ಹೆಚ್ಚಾಗಿತ್ತು.

ಇವರೇನೂ ಸೋಮಾರಿಗಳಲ್ಲ. ಏನೂ ನಡೆಯದ ಕಡೆ ಎಚ್ಚರವಾಗಿ ಕೂರುವುದು ನಮ್ಮ ತಲೆಗೆ ಒಗ್ಗುವುದಿಲ್ಲ. ಯುರೋಪಿನ ವಿಮಾನ ನಿಲ್ದಾಣಗಳಲ್ಲಿ ಬ್ಯಾಗಿನ ಎಕ್ಸ್‌ರೇ ಚಿತ್ರ ನೋಡುವವರನ್ನು ಸಾಮಾನ್ಯವಾಗಿ 20 ನಿಮಿಷಕ್ಕಿಂತ ಹೆಚ್ಚು ಒಂದೇ ಸಮ ಕೂರಿಸಬಾರದು ಅನ್ನುವ ನಿಯಮ ಇರುವುದು ಇದಕ್ಕೇ. ಇದೇ ಬಗೆಯ ಕೆಲಸ ಕೊಟ್ಟು ನಡುವೆ ಏಳೋಕೂ ಬಿಡದ ಕಡೆ ಸೇರಬೇಡಿ ಅಂತಲೇ ನನ್ನ ಸಲಹೆ. ತಪ್ಪು ಆಗೇ ಆಗುತ್ತದೆ, ಬೈಸಿಕೊಳ್ಳೋದು ನೀವು.

ಯಂತ್ರ ಬಂದ ಮೇಲೆ ಕೆಲಸ ಹಗುರ ಆಗಿದೆ ಅಂತಾರಲ್ಲ?

ಕೈಗೆ ಹಗುರ ಆಗಿದೆ, ನಿಜ. ಆದರೆ ಲಿಸಾನ್ ಬೇನ್‌ಬ್ರಿಜ್ ಅನ್ನುವ ಮನೋವಿಜ್ಞಾನಿ 1983ರಲ್ಲೇ ಒಂದು ವಿಪರ್ಯಾಸವನ್ನು ಎತ್ತಿ ತೋರಿಸಿದ್ದರು. ಸುಲಭದ ಕೆಲಸವನ್ನೆಲ್ಲ ಯಂತ್ರ ತಗೊಳ್ಳುತ್ತದೆ. ಯಂತ್ರ ಕೈಚೆಲ್ಲಿದಾಗಿನ ಕೆಲಸ ಮನುಷ್ಯನ ಪಾಲಿಗೆ ಉಳಿಯುತ್ತದೆ. ದಿನಾ ಮಾಡದೆ ಕೈ ತುಕ್ಕು ಹಿಡಿದ ಮನುಷ್ಯ ದಿಢೀರ್ ಅಂತ ಎಲ್ಲಕ್ಕಿಂತ ಕಷ್ಟದ ಗಳಿಗೆಯಲ್ಲಿ ಮುಂದೆ ಬರಬೇಕು. ವಿಮಾನದ ಪೈಲಟ್‌ಗಳು ಸಿಮ್ಯುಲೇಟರಿನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡೋದು ಅದಕ್ಕೇ. ಉಳಿದ ಎಷ್ಟೋ ಕಡೆ ಇಂಥ ಅಭ್ಯಾಸಕ್ಕೆ ಯಾರೂ ಸಮಯ ಕೊಡುವುದಿಲ್ಲ.

ಜನರ ಜೊತೆ ನಗುನಗುತ್ತಾ ಮಾತಾಡೋದೂ ಒಂದು ದುಡಿಮೆಯಾ?

ಹೌದು. 1983ರಲ್ಲಿ ಆರ್ಲಿ ಹಾಕ್‌ಶೀಲ್ಡ್ ಅನ್ನುವ ಸಮಾಜವಿಜ್ಞಾನಿ ಇದನ್ನು ದುಡಿಮೆ ಅಂತಲೇ ಕರೆದರು. ಅವರು ನೋಡಿದ್ದು ವಿಮಾನದ ಗಗನಸಖಿಯರನ್ನು ಮತ್ತು ಸಾಲ ವಸೂಲಿ ಮಾಡುವವರನ್ನು. ಒಂದು ಕಡೆ ಸಿಟ್ಟು ಬಂದರೂ ನಗಬೇಕು. ಇನ್ನೊಂದು ಕಡೆ ಕನಿಕರ ಬಂದರೂ ಗದರಬೇಕು. ಇಬ್ಬರೂ ಸಂಬಳಕ್ಕಾಗಿ ತಮ್ಮ ಮನಸ್ಸನ್ನು ಒಂದು ಅಳತೆಗೆ ಕತ್ತರಿಸಿಕೊಳ್ಳುತ್ತಿದ್ದರು.

ಕಾಲ್ ಸೆಂಟರಿನಲ್ಲಿ ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಆ ಕಡೆಯವರು ಕಿರುಚುತ್ತಿದ್ದಾರೆ. ತಪ್ಪು ನಿಮ್ಮದಲ್ಲ, ಸರಿಪಡಿಸುವ ಅಧಿಕಾರವೂ ನಿಮಗಿಲ್ಲ. ಮ್ಯೂಟ್ ಒತ್ತಿ ಒಂದು ಉಸಿರು ಬಿಡುತ್ತೀರಿ, ಮ್ಯೂಟ್ ತೆಗೆದು "ನಿಮಗಾದ ತೊಂದರೆಗೆ ಕ್ಷಮಿಸಿ ಸರ್" ಅನ್ನುತ್ತೀರಿ. ಕರೆ ಮುಗಿಯುತ್ತದೆ. ಮುಂದಿನ ಕರೆ ಬರುವ ಮುಂಚೆ ಸಿಗುವುದು ಕೆಲವು ಸೆಕೆಂಡು. ಆ ಹೊಸಬರ ತಪ್ಪೇನೂ ಇಲ್ಲವಲ್ಲ, ಅವರಿಗೆ ಹೊಸ ದನಿಯೇ ಬೇಕು. ಸಂಜೆ ಮನೆಯಲ್ಲಿ ಯಾರಾದರೂ "ಯಾಕೆ ಮಾತೇ ಆಡ್ತಿಲ್ಲ?" ಅಂತ ಕೇಳಿದರೆ ಉತ್ತರ ಕೊಡೋಕೂ ಬೇಜಾರು.

ಶಿಕ್ಷಕರನ್ನು ಇಲ್ಲೇ ಸೇರಿಸಬೇಕು. ಅವರದು ಮನಸ್ಸಿನ ಜೊತೆ ಗಂಟಲಿನ ಕೆಲಸವೂ ಹೌದು. ಗಂಟಲು ಕಟ್ಟುವ, ದನಿ ಒಡೆಯುವ ತೊಂದರೆ ಅವರಲ್ಲಿ ಬೇರೆಯವರಿಗಿಂತ ಜಾಸ್ತಿ.

ನನಗೆ ಮಾತು ಕಮ್ಮಿ. ಜನರ ಜೊತೆಗಿನ ಕೆಲಸ ಆಗಲ್ವಾ?

ಆಗುತ್ತದೆ. ಇಂಥ ಕೆಲಸಗಳಲ್ಲಿ ಹೆಚ್ಚಿನವು ಕೇಳೋದು ಕೇಳಿಸಿಕೊಳ್ಳುವ ಗುಣವನ್ನು. ವಾಚಾಳಿಗಳು ಮಾರಾಟದಲ್ಲಿ ಗೆಲ್ಲುತ್ತಾರೆ ಅನ್ನೋದೂ ಅರ್ಧ ಸತ್ಯ. ಕೊಳ್ಳಲು ಬಂದವರ ಮಾತು ಪೂರ್ತಿ ಮುಗಿಯಲು ಬಿಡುವವರು ಸಿಗೋದೇ ಅಪರೂಪ. ನೀವು ನೋಡಬೇಕಾದದ್ದು ಇಷ್ಟೇ: ಎದುರಿನವರು ದಿನಾ ಹೊಸಬರಾ, ಅಥವಾ ಅದೇ ಮುಖಗಳಾ? ಮಾತು ಕಮ್ಮಿ ಇರುವವರಿಗೆ ಎರಡನೆಯದು ಹೊಂದುತ್ತದೆ.

ಜವಾಬ್ದಾರಿ ಹೆಚ್ಚಾದಷ್ಟೂ ಟೆನ್ಷನ್ ಹೆಚ್ಚು, ಅಲ್ವಾ?

ಎಲ್ಲರೂ ಹಾಗೇ ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಬ್ರಿಟನ್ನಿನ ಸರಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ದೊಡ್ಡ ಅಧ್ಯಯನ ಒಂದಿದೆ. ಮೈಕೆಲ್ ಮಾರ್ಮಟ್ ಅನ್ನುವ ವೈದ್ಯರು ಮತ್ತು ಅವರ ಜೊತೆಗಾರರು ಅದರ ಫಲಿತಾಂಶ ನೋಡಿದಾಗ, ಹೃದಯದ ಕಾಯಿಲೆಯಿಂದ ಸಾಯುವವರು ಕೆಳ ದರ್ಜೆಯಲ್ಲೇ ಜಾಸ್ತಿ ಇದ್ದರು, ಮೇಲಧಿಕಾರಿಗಳಲ್ಲಿ ಕಮ್ಮಿ. ಧೂಮಪಾನದಂಥ ಕಾರಣಗಳನ್ನು ಲೆಕ್ಕಕ್ಕೆ ತಗೊಂಡ ಮೇಲೂ ಅಂತರ ಪೂರ್ತಿ ಅಳಿಯಲಿಲ್ಲ. 1985ರಲ್ಲಿ ಶುರುವಾದ ಎರಡನೇ ಅಧ್ಯಯನದಲ್ಲಿ ಒಂದು ಕಾರಣ ಕಂಡಿತು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದವರಿಗೆ ಅಪಾಯ ಹೆಚ್ಚು.

ಇದಕ್ಕೆ ಮುಂಚೆಯೇ, 1979ರಲ್ಲಿ ರಾಬರ್ಟ್ ಕರಾಸೆಕ್ ಅನ್ನುವ ಸಂಶೋಧಕರು ಈ ಮಾತನ್ನು ಹೇಳಿದ್ದರು. ಬರೀ ಕೆಲಸದ ಹೊರೆಯಿಂದ ಮನುಷ್ಯ ಕುಸಿಯುವುದಿಲ್ಲ. ಹೊರೆ ಜಾಸ್ತಿ ಇದ್ದು, ಅದನ್ನು ಹೇಗೆ ಯಾವಾಗ ಮಾಡಬೇಕು ಅನ್ನುವುದು ನಮ್ಮ ಕೈಯಲ್ಲಿ ಇಲ್ಲದಿದ್ದರೆ ಕುಸಿಯುತ್ತಾನೆ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಹೊರೆ ವಿಪರೀತ, ಆದರೆ ಮುಂದಿನ ಹೆಜ್ಜೆ ಅವರದೇ ತೀರ್ಮಾನ. ಕಾರ್ಖಾನೆಯ ಓಡುವ ಬೆಲ್ಟಿನ ಮೇಲೆ ಸಾಲಾಗಿ ಬರುವ ಭಾಗಗಳಿಗೆ ಸ್ಕ್ರೂ ಹಾಕುವವರು ಮೂತ್ರಕ್ಕೆ ಹೋಗಬೇಕಾದರೂ ಕೈ ಎತ್ತಿ ಕೇಳಬೇಕು. ಇಡೀ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಯಾವುದೇ ಕೆಲಸ ನೋಡುವಾಗ ನಾನು ಮೊದಲು ಹುಡುಕೋದು ಇದನ್ನೇ: ಕೆಲಸದ ಓಟವನ್ನು ನಿರ್ಧರಿಸುವವರು ಯಾರು?

ಒಂದು ತಪ್ಪೂ ಆಗಬಾರದ ಕೆಲಸ ಮಾಡುವವರು ಹೇಗೆ ತಡೆದುಕೊಳ್ಳುತ್ತಾರೆ?

ತಮ್ಮ ತಲೆಯನ್ನು ನಂಬದೇ ಇರುವ ಮೂಲಕ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಕೋಣೆಗೆ ಒಂದು ಪಟ್ಟಿ ತಂದಿತು. 19 ಅಂಶ, ಮೂರು ಕಡೆ ನಿಲುಗಡೆ: ಅರಿವಳಿಕೆ ಕೊಡುವ ಮುಂಚೆ, ಕತ್ತರಿಸುವ ಮುಂಚೆ, ರೋಗಿಯನ್ನು ಹೊರಗೆ ಕಳಿಸುವ ಮುಂಚೆ. ಅಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು ಅನ್ನೋದೂ ಅದರಲ್ಲಿ ಒಂದು. ಬಾಲಿಶ ಅನ್ನಿಸಬಹುದು. ಆದರೆ ಒಮ್ಮೆ ಬಾಯಿಬಿಟ್ಟು ಹೆಸರು ಹೇಳಿದವರು ಆಮೇಲೆ "ಡಾಕ್ಟ್ರೇ, ಒಂದು ನಿಮಿಷ, ಇದು ಬಲಗಾಲಲ್ವಾ?" ಅಂತ ಕೇಳಲು ಹೆದರುವುದಿಲ್ಲ. ತಪ್ಪನ್ನು ಒಪ್ಪಿಕೊಳ್ಳುವುದೇ ಅವಮಾನ ಅನ್ನುವ ಸ್ವಭಾವದವರಿಗೆ ಈ ಬಗೆಯ ಕೆಲಸ ಬೇಡ.

ನೆನಪಿನ ಶಕ್ತಿ ಹುಟ್ಟಿನಿಂದ ಬರಬೇಕಾ, ಕೆಲಸ ಅದನ್ನು ಬೆಳೆಸುತ್ತದಾ?

ಬೆಳೆಸುತ್ತದೆ. ಲಂಡನ್ನಿನ ಕಪ್ಪು ಟ್ಯಾಕ್ಸಿ ಓಡಿಸಲು ಸುಮಾರು 25,000 ರಸ್ತೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಬೇಕು. ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಹಿಡಿಯುತ್ತದೆ. 2000ದಲ್ಲಿ ಎಲೀನರ್ ಮಗ್ವಾಯರ್ ಅನ್ನುವ ನರವಿಜ್ಞಾನಿ ಮತ್ತು ಜೊತೆಗಾರರು ಈ ಚಾಲಕರ ಮಿದುಳಿನ ಸ್ಕ್ಯಾನ್ ಮಾಡಿದಾಗ, ದಾರಿಯ ನೆನಪಿಗೆ ಸಂಬಂಧಿಸಿದ ಭಾಗದ ಹಿಂಬದಿ ಬೇರೆಯವರಿಗಿಂತ ದೊಡ್ಡದಿತ್ತು. ನಂತರ ಕಲಿಯುವ ಮುಂಚೆ ಮತ್ತು ಕಲಿತ ಮೇಲೆ ಹೋಲಿಸಿ ನೋಡಿದರೂ, ಪಾಸಾದವರಲ್ಲಿ ಆ ಭಾಗ ಬೆಳೆದಿತ್ತು.

ರಾತ್ರಿ ಪಾಳಿ ಕೆಲವು ತಿಂಗಳಲ್ಲಿ ಅಭ್ಯಾಸ ಆಗುತ್ತದಂತೆ?

ಮನಸ್ಸಿಗೆ ಆಗಬಹುದು. ಮೈಯೊಳಗಿನ ಗಡಿಯಾರ ಬಹುಪಾಲು ಜನರಲ್ಲಿ ಪೂರ್ತಿ ತಿರುಗುವುದಿಲ್ಲ, ಯಾಕೆಂದರೆ ಬೆಳಿಗ್ಗೆ ಮನೆಗೆ ಹೋಗುವಾಗ ಬಿಸಿಲು ಬಿದ್ದು ಅದನ್ನು ಮತ್ತೆ ಹಗಲಿಗೆ ಎಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವವುಗಳ ಸಾಲಿಗೆ ಸೇರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅದೇ ಜಾಗದಲ್ಲಿ ಉಳಿಸಿತು. ಹಾಗಂತ ರಾತ್ರಿ ದುಡಿಯುವವರಿಗೆಲ್ಲ ಕಾಯಿಲೆ ಬರುತ್ತದೆ ಅಂತಲ್ಲ. ವಾರವಾರ ಬದಲಾಗುವ ಪಾಳಿ ಸಿಕ್ಕರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅನ್ನುವ ಕ್ರಮದಲ್ಲಿ ಮುಂದಕ್ಕೆ ಹೋಗುವಂತೆ ಕೇಳಿಕೊಳ್ಳಿ. ಹಿಂದಕ್ಕೆ ಬರುವ ಕ್ರಮಕ್ಕಿಂತ ಇದು ಮೈಗೆ ಸುಲಭ. ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಗಾಡಿ ಓಡಿಸಿಕೊಂಡು ಹೋಗಬೇಡಿ. ರಾತ್ರಿ ಕೆಲಸದ ದೊಡ್ಡ ಗಂಡಾಂತರ ಎಷ್ಟೋ ಸಲ ಮನೆಗೆ ಹೋಗುವ ದಾರಿಯಲ್ಲೇ ಇರುತ್ತದೆ.

ವಾರಕ್ಕೆ ಎಷ್ಟು ಗಂಟೆ ದಾಟಿದರೆ ಜಾಸ್ತಿ?

1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾಡಿದ ಮೊದಲ ಒಪ್ಪಂದವೇ ಕಾರ್ಖಾನೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ ಅನ್ನುವುದು. 2021ರಲ್ಲಿ ಅದೇ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಲೆಕ್ಕ ಹಾಕಿದಾಗ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ 35%ರಷ್ಟು ಹೆಚ್ಚು ಕಂಡಿತು. ಹೋಲಿಕೆ 35ರಿಂದ 40 ಗಂಟೆ ಕೆಲಸ ಮಾಡುವವರ ಜೊತೆ. ನೂರು ವರ್ಷದ ಹಿಂದಿನ ಗೆರೆ ಸುಮ್ನೆ ಎಳೆದದ್ದಲ್ಲ ಅನ್ನಿಸುತ್ತದೆ.

ಮನೆಯಿಂದ ಮಾಡುವ ಕೆಲಸ, ಸ್ವಂತ ಕೆಲಸ ಇವು ಏನು ಕೇಳುತ್ತವೆ?

ಮನೆಯಿಂದ ಮಾಡುವವರಿಗೆ ಶುರು ಮಾಡೋದಕ್ಕಿಂತ ನಿಲ್ಲಿಸೋದು ಕಷ್ಟ. ಸ್ವಂತ ಕೆಲಸದವರದು ಬೇರೆ ಕಥೆ. ಕೈಯಲ್ಲಿರುವ ಕಸುಬಿನ ಜೊತೆ ಇನ್ನೂ ಮೂರು ಕೆಲಸ ತಲೆಗೆ ಬೀಳುತ್ತದೆ: ಗಿರಾಕಿ ಹುಡುಕೋದು, ಲೆಕ್ಕ ಬರೆಯೋದು, ಬಾಕಿ ಕೇಳೋದು. ಒಳ್ಳೆಯ ಬಡಗಿ, ಒಳ್ಳೆಯ ಫೋಟೋಗ್ರಾಫರ್ ಸೋಲುವುದು ಹೆಚ್ಚಾಗಿ ಮೂರನೆಯದರಲ್ಲಿ. ಬಾಕಿ ಕೇಳಲು ಸಂಕೋಚಪಡುವವರು ಈ ದಾರಿ ಹಿಡಿಯುವ ಮುಂಚೆ ಯೋಚಿಸಿ.

ಇಷ್ಟದ ಕೆಲಸ ಆದರೆ ದಣಿವೇ ಆಗಲ್ಲ ಅಂತಾರೆ. ನಿಜವಾ?

ಇಲ್ಲ, ಮತ್ತು ಈ ಮಾತು ತುಂಬ ಜನರಿಗೆ ಪೆಟ್ಟು ಕೊಟ್ಟಿದೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅನ್ನುವ ಮನೋವಿಜ್ಞಾನಿ ಬರ್ನ್‌ಔಟ್, ಅಂದರೆ ಕೆಲಸದಿಂದ ಪೂರ್ತಿ ಸೋತುಹೋಗುವ ಸ್ಥಿತಿಯ ಬಗ್ಗೆ ಬರೆದದ್ದು ಉಚಿತ ಚಿಕಿತ್ಸಾಲಯದಲ್ಲಿ ಮನಸಾರೆ ದುಡಿಯುತ್ತಿದ್ದವರನ್ನು ನೋಡಿ. ಇಷ್ಟ ಇದ್ದವರೇ ಮೊದಲು ಸುಟ್ಟುಕೊಂಡರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಅನ್ನದೆ ಕೆಲಸಕ್ಕೆ ಅಂಟಿದ ಸ್ಥಿತಿ ಅನ್ನುತ್ತದೆ. ಮೂರು ಗುರುತು ಹೇಳುತ್ತದೆ: ಶಕ್ತಿಯೆಲ್ಲ ಬಸಿದುಹೋಗುವುದು, ಕೆಲಸದ ಬಗ್ಗೆ ಹೇಸಿಗೆ ಅಥವಾ ದೂರವಾದ ಭಾವ, ಮಾಡಿದ್ದು ಸರಿಯಾಗುತ್ತಿಲ್ಲ ಅನ್ನಿಸುವುದು. ಎರಡು ದಿನ ರಜೆ ಹಾಕಿದರೂ ಮೊದಲನೆಯದು ಹೋಗದಿದ್ದರೆ ಗಂಭೀರವಾಗಿ ತಗೊಳ್ಳಿ.

ಜಾಹೀರಾತಿನ ಮಾತುಗಳನ್ನು ಹೇಗೆ ಓದಬೇಕು?

ಸ್ವಲ್ಪ ಅನುಮಾನದಿಂದ. "ಒತ್ತಡದಲ್ಲೂ ಕೆಲಸ ಮಾಡಬಲ್ಲವರು" ಅಂದರೆ ಎಷ್ಟೋ ಸಲ ಜನ ಸಾಲುತ್ತಿಲ್ಲ ಅಂತ. "ಬಹುಮುಖ ಪ್ರತಿಭೆ ಬೇಕು" ಅಂದರೆ ಇಬ್ಬರ ಕೆಲಸ. "ನಮ್ಮದು ಒಂದು ಕುಟುಂಬದಂತೆ" ಅಂತ ಇದ್ದರೆ ರಜೆಯ ನಿಯಮ ಮೊದಲು ಕೇಳಿ.

ಸಂದರ್ಶನದಲ್ಲಿ ನಾನೇನು ಕೇಳಬಹುದು?

"ಈ ಜಾಗದಲ್ಲಿ ಮುಂಚೆ ಇದ್ದವರು ಎಲ್ಲಿ ಹೋದರು?" ಅಂತ ಕೇಳಿ. "ನಿನ್ನೆ ಈ ಕೆಲಸ ಮಾಡುವವರು ದಿನವಿಡೀ ಏನೇನು ಮಾಡಿದರು?" ಅಂತಲೂ ಕೇಳಿ. ಸಾಮಾನ್ಯವಾಗಿ ಏನಿರುತ್ತದೆ ಅಂತ ಕೇಳಿದರೆ ಬಾಯಿಪಾಠದ ಉತ್ತರ ಬರುತ್ತದೆ, ನಿನ್ನೆಯದು ಕೇಳಿದರೆ ನಿಜ ಬರುತ್ತದೆ. ಆಮೇಲೆ ಅದೇ ಕೆಲಸ ಮಾಡುವ ಒಬ್ಬರನ್ನು ಹೊರಗೆ ಹಿಡಿದು, ಸಂಜೆ ಹೊತ್ತಿಗೆ ಏನು ನೋಯುತ್ತದೆ ಅಂತ ವಿಚಾರಿಸಿ. ಸೊಂಟವಾ, ಕಣ್ಣಾ, ತಲೆಯಾ, ಮನಸ್ಸಾ? ಈ ಪ್ರಶ್ನೆಗೆ ಯಾರೂ ಸುಳ್ಳು ಹೇಳೋದು ಕಂಡಿಲ್ಲ.

ಸೇರಿದ ಮೇಲೆ ಆಗ್ತಿಲ್ಲ ಅನ್ನಿಸಿದರೆ ಬಿಡೋದೊಂದೇ ದಾರಿನಾ?

ಮೊದಲು ಯಾವುದು ಆಗ್ತಿಲ್ಲ ಅಂತ ನೋಡಿ. ಇಡೀ ಕೆಲಸ ಬೇಡ ಅನ್ನಿಸಿದರೂ ಬಿಡಿಸಿ ನೋಡಿದಾಗ ತೊಂದರೆ ಒಂದು ಕಡೆ ಇರುತ್ತದೆ. ಪಾಳಿ ಇರಬಹುದು, ಕುರ್ಚಿ ಇರಬಹುದು, ಒಬ್ಬ ಮೇಲಧಿಕಾರಿ ಇರಬಹುದು. ಅದನ್ನಷ್ಟೇ ಬದಲಿಸೋಕೆ ಆಗುತ್ತಾ ಅಂತ ಕೇಳಿ. ಏಮಿ ರೆಸ್ನೆಸ್ಕಿ ಅನ್ನುವ ಸಂಶೋಧಕಿ ಮತ್ತು ಜೊತೆಗಾರರು ಆಸ್ಪತ್ರೆ ಗುಡಿಸಿ ಒರೆಸುವವರನ್ನು ಮಾತಾಡಿಸಿದಾಗ, ಒಂದೇ ಬಗೆಯ ಕೆಲಸದವರಲ್ಲಿ ಕೆಲವರು ಹೇಳಿದಷ್ಟೇ ಮಾಡುತ್ತಿದ್ದರು, ಕೆಲವರು ರೋಗಿಗಳ ಜೊತೆ ಮಾತಾಡುತ್ತಾ, ನರ್ಸುಗಳಿಗೆ ಅನುಕೂಲವಾಗುವಂತೆ ತಮ್ಮ ಕೆಲಸದ ಹೊತ್ತನ್ನು ಹೊಂದಿಸಿಕೊಂಡು ಅದನ್ನು ತಮ್ಮದಾಗಿ ಮಾಡಿಕೊಂಡಿದ್ದರು. ಅಷ್ಟು ಜಾಗವನ್ನೂ ಬಿಡದ ಕಡೆ ಇದ್ದರೆ ಬೇರೆ ಕೆಲಸ ಹುಡುಕಿ. ಹುಡುಕುವಾಗ ಕೈಯಲ್ಲಿರುವುದನ್ನು ಮಾತ್ರ ಮೊದಲೇ ಬಿಡಬೇಡಿ. ಕೆಲಸ ಮೈಗೆ ಗಾಯ ಮಾಡುತ್ತಿದ್ದರೆ ಮಾತ್ರ ಬೇರೆ ಲೆಕ್ಕ, ಆಗ ಕಾಯಬೇಡಿ.